ಕರಡಕ್ಕ ಒತ್ತಕ್ಷರ ಕಲಿಸಿದ್ದು

ನಮ್ಮ ಪ್ರೆಸ್ಸಿಗೆ ಹೊಸದಾಗಿ ಸೇರಿದವರು ಯಾರೇ ಆಗಲಿ, ಮೊದಲ ವಾರ ಕರಡಕ್ಕನನ್ನು ‘ಕರಡಿ ಅಕ್ಕ’ ಎಂದು ಕರೆದು ಬೈಸಿಕೊಳ್ಳದೆ ಇರುತ್ತಿರಲಿಲ್ಲ. ಅವರು ಕರಡಿಯಲ್ಲ, ಕರಡಕ್ಕ. ಅಚ್ಚಿಗೆ ಹೋಗುವ ಮುಂಚೆ ಕರಡು ಓದಿ ತಪ್ಪು ತಿದ್ದುವುದು ಅವರ ಕೆಲಸ. ಇಪ್ಪತ್ತಮೂರು ವರ್ಷ ಅದೊಂದೇ ಕೆಲಸ ಮಾಡಿ ಹೆಸರೇ ಹಾಗೆ ನಿಂತುಬಿಟ್ಟಿತ್ತು. ಅವರ ಗಂಡ ಸಿಟಿ ಬಸ್ಸಿನ ಕಂಡಕ್ಟರು. ಅವರೂ ಪ್ರೆಸ್ಸಿಗೆ ಫೋನ್ ಮಾಡಿದರೆ, “ಕರಡಕ್ಕ ಇದಾರಾ?” ಎಂದೇ ಕೇಳುತ್ತಿದ್ದರು.

ನಾನು ಅದೇ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವವನು. ಅಂದರೆ ತಪ್ಪು ಮಾಡುವವನು ನಾನು, ಹಿಡಿಯುವವರು ಅವರು. ನಮ್ಮಿಬ್ಬರ ಮೇಜು ಎದುರುಬದುರು. ಕೆಳಗಡೆ ಮುದ್ರಣದ ಯಂತ್ರ ಶುರುವಾದರೆ ಮೇಲೆ ನಮ್ಮ ಲೋಟದಲ್ಲಿನ ಟೀ ನಡುಗುತ್ತಿತ್ತು. ಅವರು ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ತುಟಿ ಅಲ್ಲಾಡಿಸುತ್ತಾ ಓದುವವರು. ಮಧ್ಯೆ ತಲೆ ಎತ್ತಿ, “ನಿನಗೆ ದೀರ್ಘ ಕಂಡರೆ ಅದೇನು ಹಗೆ ತಮ್ಮಾ? ಒಂದು ಪುಟದಲ್ಲಿ ಒಂಬತ್ತು ಕಡೆ ನುಂಗಿದೀಯ,” ಅನ್ನುತ್ತಿದ್ದರು. ಬೈದರೂ ನಗು ತಡೆದುಕೊಂಡೇ ಬೈಯುತ್ತಿದ್ದರು. ತಪ್ಪು ಅಂದರೆ ಅವರಿಗೆ ಒಂಥರಾ ಪ್ರೀತಿ. ಚೆನ್ನಾಗಿರೋ ತಪ್ಪು ಸಿಕ್ಕಿದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಬೈಂಡಿಂಗ್ ಕೋಣೆಯವರಿಗೆಲ್ಲ ಓದಿ ಹೇಳುತ್ತಿದ್ದರು.

ಅವರಿಗೆ ನಲವತ್ತಾರು ಆದ ವರ್ಷ ಸಾಲಿನ ಮೊದಲ ಪದಗಳಲ್ಲಿನ ತಪ್ಪುಗಳು ಅವರ ಕಣ್ಣು ತಪ್ಪಿಸಿಕೊಳ್ಳತೊಡಗಿದವು. ಬರೀ ಎಡಗಡೆಯವು. ನಾನು ಅದನ್ನು ಗಮನಿಸಿ, ಹೇಳಲು ಬಾಯಿ ಬಾರದೆ, ಸದ್ದಿಲ್ಲದೆ ನಾನೇ ಸರಿಮಾಡಿ ಅಚ್ಚಿಗೆ ಕಳಿಸುತ್ತಿದ್ದೆ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುವುದು ಶುರುವಾಯಿತು. “ಈ ಬಾಗಿಲು ಯಾರಪ್ಪಾ ಇಲ್ಲಿಟ್ಟೋರು?” ಎಂದು ನಗಿಸಿ ದಾಟಿಕೊಳ್ಳುತ್ತಿದ್ದರು. ಹೀಗೇ ಅರ್ಧ ವರ್ಷ ಕಳೆಯಿತು. ಕೊನೆಗೆ ಕಂಡಕ್ಟರೇ ಕೈ ಹಿಡಿದುಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕಣ್ಣೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ನೋಡೋಣ ಎಂದರು. ಕಂಡಕ್ಟರು ಔಷಧಿ ತರಲು ಹೋದರು. ಕರಡಕ್ಕ ಹೊರಗೆ ಬೆಂಚಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಪಕ್ಕದಲ್ಲೇ ಆಸ್ಪತ್ರೆಯ ಫೋನ್ ಕೋಣೆ. ಕಿಟಕಿಯ ಆಚೆ ಕೂತಿದ್ದ ಆಪರೇಟರ್ ಹೆಂಗಸು ಕೂಗಿ ಹೇಳಿದರಂತೆ:

“ಅಳೋದಾದರೆ ಒಳಗೆ ಬಂದು ಅಳಿ ತಾಯಿ. ಅಲ್ಲಿ ಕಾಲು ಚಾಚಿದರೆ ಮೇಲೆ ಸ್ಟ್ರೆಚರ್ ಹತ್ತುತ್ತೆ.”

ಒಳಗೆ ಹೋದ ಮೇಲೆಯೇ ಗೊತ್ತಾದದ್ದು, ಆಪರೇಟರಿಗೂ ಕಣ್ಣಿಲ್ಲ, ಹುಟ್ಟಿನಿಂದಲೇ. ಅವರ ಎದುರು ಕಂಪ್ಯೂಟರ್ ಇತ್ತು. ಪರದೆ ಆರಿಸಿಟ್ಟಿದ್ದರು. ಗುಂಡಿ ಒತ್ತಿದರೆ ಅದು ವಾರ್ಡಿನ ನಂಬರು, ರೋಗಿಯ ಹೆಸರು ಎಲ್ಲವನ್ನೂ ಗಳಗಳ ಓದಿ ಹೇಳುತ್ತಿತ್ತು.

“ನೀವು ಏನು ಕೆಲಸ ಮಾಡ್ತೀರಿ?” ಆಪರೇಟರ್ ಕೇಳಿದರು.

“ಕರಡು ತಿದ್ದೋದು. ಪ್ರೆಸ್ಸಲ್ಲಿ.”

“ಅಯ್ಯೋ ದೇವರೇ. ಹಾಗಾದರೆ ಇದರ ಉಚ್ಚಾರ ಕೇಳಿದರೆ ನಿಮಗೆ ಮೈ ಪರಚಿಕೊಳ್ಳೋ ಹಾಗಾಗುತ್ತೆ,” ಎಂದು ಆಪರೇಟರ್ ನಕ್ಕರು. ಆಮೇಲೆ ವಿವರಿಸಿ ಹೇಳಿದರು. ಪರದೆಯ ಮೇಲಿರುವುದನ್ನು ಓದುವ ತಂತ್ರಾಂಶ ಎರಡು ಥರ. ದೊಡ್ಡ ಕಂಪನಿಯವರು ಮಾರುವುದು ಒಂದು. ಅದಕ್ಕೆ ಆರು ತಿಂಗಳ ಸಂಬಳ ಸುರಿಯಬೇಕು, ಸುರಿದರೂ ಅದರಲ್ಲಿ ನಮ್ಮ ಭಾಷೆ ಇಲ್ಲ. ಇನ್ನೊಂದು ಪುಕ್ಕಟೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಬಹುದು. ಅದರಲ್ಲಿ ನಮ್ಮ ಭಾಷೆ ಇದೆ, ಆದರೆ ಗಂಟಲು ತಗಡಿನದು.

“ನಾನು ಇದರಲ್ಲೇ ಹದಿನಾಲ್ಕು ವರ್ಷದಿಂದ ಅನ್ನ ತಿಂತಾ ಇದೀನಿ. ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕೇಳಿ. ಆಮೇಲೆ ಅದು ನಿಮ್ಮ ಮನೆಯವರ ಥರ. ಏನು ಅಂದರೂ ಅರ್ಥ ಆಗುತ್ತೆ.”

ಕಂಡಕ್ಟರು ಔಷಧಿ ಹಿಡಿದು ವಾಪಸು ಬಂದಾಗ ಹೆಂಡತಿ ಅಳು ನಿಲ್ಲಿಸಿ, ಒಂದು ಚೀಟಿಯಲ್ಲಿ ತಂತ್ರಾಂಶದ ಹೆಸರು ಬರೆದುಕೊಳ್ಳುತ್ತಿದ್ದರು.

ಅವರ ಮನೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು. ಒಂದು ಭಾನುವಾರ ನಾನೇ ಹೋಗಿ ಅದಕ್ಕೆ ಆ ತಂತ್ರಾಂಶ ಹಾಕಿಕೊಟ್ಟೆ. ಎರಡು ಕೋಣೆಯ ಮನೆ. ಅವರ ಅತ್ತೆಯೂ ಜೊತೆಯಲ್ಲೇ ಇದ್ದರು. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ. ಮಗ ಕೂಗಿದರೂ ಕೇಳದು. ಆದರೆ ಈ ಯಂತ್ರ ಬಾಯಿ ತೆರೆದದ್ದೇ, ಅಡುಗೆಮನೆಯಿಂದ ಎದ್ದು ಬಂದರು.

“ಯಾರೋ ಅದು, ಇಷ್ಟು ಸ್ಪಷ್ಟವಾಗಿ ಮಾತಾಡ್ತಿರೋದು?”

ತಗಡಿನ ಗಂಟಲು ಚೂಪಾಗಿತ್ತಲ್ಲ, ಅದು ಮುದುಕಿಯ ಕಿವಿಗೆ ನೇರ ಹೊಕ್ಕಿತು. ಅವತ್ತಿನಿಂದ ಸೊಸೆ ಅಭ್ಯಾಸಕ್ಕೆ ಕೂತರೆ ಅತ್ತೆಯೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ವರ್ಷಗಟ್ಟಲೆ ಪತ್ರಿಕೆ ಓದಿಸಿಕೊಳ್ಳದ ಜೀವ ದಿನವೂ ಸುದ್ದಿ ಕೇಳತೊಡಗಿತು. ಕಂಡಕ್ಟರು, “ಇಬ್ಬರೂ ಸೇರಿ ನನಗಿಂತ ಒಳ್ಳೆ ಗಂಡಸನ್ನ ಮನೆಗೆ ತಂದುಕೊಂಡಿದೀರಿ,” ಎಂದು ಗೊಣಗುತ್ತಿದ್ದರು.

ಆದರೆ ಕರಡಕ್ಕನಿಗೆ ಮೈ ಪರಚಿಕೊಳ್ಳುವ ಹಾಗಾದದ್ದು ನಿಜ. ಆ ಯಂತ್ರಕ್ಕೆ ಒತ್ತಕ್ಷರ ಬರುತ್ತಿರಲಿಲ್ಲ. ಒಂದೇ ಅಕ್ಷರ ಒತ್ತಾಗಿ ಬಂದರೆ ನುಂಗಿಹಾಕುತ್ತಿತ್ತು. ಅಜ್ಜಿ ಅಂದರೆ ಅಜಿ. ಮಕ್ಕಳು ಅಂದರೆ ಮಕಳು. ಕಲ್ಲು ಕಲು, ಹಲ್ಲು ಹಲು. ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಂಡರೆ ಸರಿಯಾಗೇ ಹೇಳುತ್ತಿತ್ತು. ಹಾಗೆ ಕೂತರೆ ಅರವತ್ತು ಪುಟಕ್ಕೆ ಮೂರು ವಾರ. ಅದಕ್ಕೇ ಅವರು ಇಡೀ ಸಾಲು ಕೇಳಿಸಿಕೊಂಡು, ಒತ್ತನ್ನು ಮನಸ್ಸಿನಲ್ಲೇ ಹಚ್ಚಿಕೊಂಡು ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡರು. ಅನುಮಾನ ಬಂದ ಕಡೆ ಮಾತ್ರ ನಿಂತು ಬಿಡಿಸುತ್ತಿದ್ದರು.

ವರ್ಷ ಕಳೆಯುವುದರೊಳಗೆ ಕಣ್ಣು ಇನ್ನೂ ಇಳಿಯಿತು. ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತಿದ್ದದ್ದೂ ಮಂಜಾಯಿತು. ಪ್ರೆಸ್ಸಿನಲ್ಲಿ ಅವರ ಮೇಜಿನ ಮೇಲೆ ಕಂಪ್ಯೂಟರ್ ಬಂತು, ಕಿವಿಗೆ ಹೆಡ್‌ಫೋನ್ ಬಂತು. ಯಜಮಾನರು ಕೆಟ್ಟವರಲ್ಲ, ಆದರೆ ನಂಬಿಕೆ ಕಡಿಮೆ. “ಪುಕ್ಕಟೆ ಸಿಕ್ಕಿದ್ದು ನೋಡಮ್ಮಾ, ಅದು ಎಷ್ಟು ದಿನ ಬಾಳುತ್ತೋ,” ಅನ್ನುತ್ತಿದ್ದರು. ನಮ್ಮ ಪ್ರೆಸ್ಸಿನ ಕಂಪ್ಯೂಟರುಗಳಲ್ಲಿ ಪುಟ ಕಟ್ಟುವ ತಂತ್ರಾಂಶ ಯಾರದೋ ಕದ್ದ ನಕಲು ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದರ ಬಾಳಿಕೆಯ ಬಗ್ಗೆ ಮಾತ್ರ ಅವರಿಗೆ ಚಿಂತೆ ಇರಲಿಲ್ಲ.

ಹೀಗಿರುವಾಗ ಮೂರನೇ ತರಗತಿಯ ಮಕ್ಕಳ ಓದುಪುಸ್ತಕವೊಂದು ಅಚ್ಚಿಗೆ ಬಂತು. ಅದರಲ್ಲಿ ‘ಅಜ್ಜಿಯ ಕತೆ ಕೇಳಿ ಮಕ್ಕಳು ನಕ್ಕರು’ ಎಂದಿತ್ತು. ನಾನು ಅವಸರದಲ್ಲಿ ಕತೆಗೆ ಒಂದು ಒತ್ತು ಕೊಟ್ಟುಬಿಟ್ಟೆ. ಅಜ್ಜಿಯ ಕತ್ತೆ ಕೇಳಿ ಮಕ್ಕಳು ನಕ್ಕರು. ಕರಡಕ್ಕನ ಯಂತ್ರ ಅದನ್ನು, “ಅಜಿಯ ಕತೆ ಕೇಳಿ ಮಕಳು ನಕರು,” ಎಂದು ಓದಿತು. ಅವರು ಅಜ್ಜಿಗೆ ಒತ್ತು ಹಚ್ಚಿಕೊಂಡರು, ಮಕ್ಕಳಿಗೆ ಹಚ್ಚಿಕೊಂಡರು, ಕತೆ ಸರಿಯಾಗೇ ಇದೆ ಅಂದುಕೊಂಡು ಪುಟ ದಾಟಿದರು.

ಮೂರು ಸಾವಿರ ಪ್ರತಿ ಅಚ್ಚಾಯಿತು. ಹಾಳೆ ಮಡಿಸುವಾಗ ಬೈಂಡಿಂಗಿನ ಹೆಂಗಸರು ಕಂಡುಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನು ಕೇಳಿ ಮೇಲಿಂದ ಇಳಿದು ಬಂದ ಕರಡಕ್ಕ, ಏನೋ ಒಳ್ಳೆ ತಪ್ಪು ಸಿಕ್ಕಿರಬೇಕು ಅಂದುಕೊಂಡು, ತಾವೂ ನಗುತ್ತಾ, “ಏನ್ರೇ ಅದು? ನನಗೂ ಓದಿ ಹೇಳ್ರೇ,” ಎಂದರು. ಯಾರೂ ಬಾಯಿ ಬಿಡಲಿಲ್ಲ. ಆ ಮೌನ ಕೇಳಿಯೇ ಅವರಿಗೆ ಗೊತ್ತಾಯಿತು.

ಎಂಟು ಪುಟದ ಹಾಳೆ ಮತ್ತೆ ಅಚ್ಚು ಹಾಕಬೇಕಾಯಿತು. ತಪ್ಪು ನನ್ನದು ಎಂದು ನಾನು ಯಜಮಾನರಿಗೆ ಹೇಳಿದೆ. “ನೀನು ತಪ್ಪು ಮಾಡ್ತೀಯ ಅಂತಲೇ ಅಲ್ಲವೇನಯ್ಯಾ ಅವರನ್ನ ಇಟ್ಟುಕೊಂಡಿರೋದು?” ಎಂದರು. ಆಮೇಲೆ ಕರಡಕ್ಕನನ್ನು ಕರೆದು, ಸಂಬಳ ಅಷ್ಟೇ ಇರಲಿ, ಇನ್ನು ಮುಂದೆ ಕೆಳಗೆ ಕೂತು ಫೋನ್ ನೋಡಿಕೊಳ್ಳಿ ಎಂದು ಮೆತ್ತಗೇ ಹೇಳಿದರು. ಮೆತ್ತಗೆ ಹೇಳಿದ್ದೇ ಅವರಿಗೆ ಹೆಚ್ಚು ಚುಚ್ಚಿತು. ಹದಿನೈದು ದಿನ ರಜೆ ಕೇಳಿ, ಕೆಂಪು ಪೆನ್ನು ಮೇಜಿನ ಮೇಲೇ ಬಿಟ್ಟು ಮನೆಗೆ ಹೋದರು.

ಮೂರನೇ ದಿನ ನೋಡಿ ಬರೋಣ ಎಂದು ಹೋದೆ. ಮುಖ ಬಾಡಿಸಿಕೊಂಡು ಕೂತಿರುತ್ತಾರೆ ಅಂದುಕೊಂಡಿದ್ದೆ. ಅವರು ಸಿಟ್ಟಿನಲ್ಲಿ ಕುದಿಯುತ್ತಿದ್ದರು. ಆ ತಂತ್ರಾಂಶ ಮಾಡಿದವರಿಗೆ ಇಮೇಲಿನಲ್ಲಿ ಒಂದು ಕಾಗದ ಬರೆದು ಕಳಿಸಿಯೂ ಆಗಿತ್ತು. ನನಗೆ ಓದಿಸಿ ತೋರಿಸಿದರು. ಇಂಗ್ಲಿಷಿನಲ್ಲಿ ಬರೆದ ಕಾಗದ, ಕೋರ್ಟಿನ ನೋಟೀಸಿನ ಹಾಗಿತ್ತು. ನಿಮ್ಮ ದೋಷದಿಂದ ನನ್ನ ಕೆಲಸಕ್ಕೆ ಸಂಚಕಾರ ಬಂದಿದೆ, ಕೂಡಲೇ ಸರಿಪಡಿಸತಕ್ಕದ್ದು, ತಪ್ಪಿದಲ್ಲಿ ಮೇಲಿನವರಿಗೆ ದೂರು ಕೊಡಬೇಕಾಗುತ್ತದೆ.

“ಮೇಲಿನವರು ಅಂದರೆ ಯಾರಕ್ಕಾ?”

“ಯಾರೋ ಇರ್ತಾರಲ್ಲಪ್ಪಾ. ಮೇಲಿನವರಿಲ್ಲದ ಆಫೀಸು ಎಲ್ಲಾದರೂ ಇದೆಯಾ?”

ವಾರದ ಮೇಲೆ ಉತ್ತರ ಬಂತು. ಬೇರೆ ದೇಶದ ಯಾವುದೋ ಸಣ್ಣ ಊರಿನಿಂದ ಒಬ್ಬ ಬರೆದಿದ್ದ. ಅವನು ಔಷಧಿ ಅಂಗಡಿ ಇಟ್ಟುಕೊಂಡವನು. ಅಂಗಡಿ ಮುಚ್ಚಿದ ಮೇಲೆ ಸಂಜೆ ಒಂದು ಗಂಟೆ, ರಜೆಯ ದಿನ ಎರಡು ಗಂಟೆ ಈ ಧ್ವನಿಯ ಕೆಲಸ ನೋಡಿಕೊಳ್ಳುತ್ತಾನೆ. ಇದಕ್ಕೆ ಸಂಬಳವಿಲ್ಲ, ಆಫೀಸಿಲ್ಲ, ಮೇಲಿನವರೂ ಇಲ್ಲ. ನಿಮ್ಮ ಭಾಷೆಯ ಭಾಗ ಬರೆದವರು ಒಬ್ಬ ವಿದ್ಯಾರ್ಥಿನಿ. ಹದಿನೇಳು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟು ಹೋದರು, ಆಮೇಲೆ ಯಾರೂ ಮುಟ್ಟಿಲ್ಲ. ನನಗೆ ನಿಮ್ಮ ಭಾಷೆಯ ಒಂದಕ್ಷರವೂ ಬರುವುದಿಲ್ಲ, ಹಾಗಾಗಿ ಅದು ತಪ್ಪು ಓದುತ್ತಿದೆ ಎಂಬುದೇ ಗೊತ್ತಿರಲಿಲ್ಲ, ಕ್ಷಮಿಸಿ, ಹೇಗೆ ಓದಬೇಕು ಎಂದು ನೀವು ತಿಳಿಸಿದರೆ ಮಾಡಲು ನೋಡುತ್ತೇನೆ. ಇಷ್ಟು ಬರೆದಿದ್ದ.

ಯಂತ್ರ ಅದನ್ನು ಓದಿ ಮುಗಿಸಿದ ಮೇಲೆ ಕರಡಕ್ಕ ಇನ್ನೊಮ್ಮೆ ಓದಿಸಿ ಕೇಳಿದರು. ಆಮೇಲೆ, “ಥೂ ನನ್ನ. ಪಾಪದವನಿಗೆ ಹೇಗೆ ಬರೆದುಬಿಟ್ಟೆನಲ್ಲ,” ಎಂದರು. ಎರಡು ವರ್ಷದಿಂದ ಬಳಸುತ್ತಿದ್ದೆ, ಒಂದು ದಿನವಾದರೂ ಇದನ್ನು ಯಾರು ಮಾಡಿದರು ಅಂತ ಕೇಳಿಕೊಂಡವಳಲ್ಲ ನಾನು ಎಂದೂ ಅಂದರು. ಅವತ್ತೇ ಕೂತು ಇನ್ನೊಂದು ಕಾಗದ ಬರೆದರು. ಅದನ್ನು ನನಗೆ ತೋರಿಸಲಿಲ್ಲ.

ಮರುದಿನದಿಂದ ಕೆಲಸ ಶುರುವಾಯಿತು. ನಾನು ಪ್ರೆಸ್ಸು ಮುಗಿಸಿಕೊಂಡು ಸಂಜೆ ಹೋಗುತ್ತಿದ್ದೆ. ನಿಘಂಟು ತೆಗೆದು, ಒತ್ತು ಬಿಟ್ಟರೆ ಬೇರೆ ಅರ್ಥ ಬರುವ ಪದಗಳನ್ನು ಹೆಕ್ಕುವುದು ನನ್ನ ಪಾಲು. ಬಗೆ, ಬಗ್ಗೆ. ಎಲೆ, ಎಲ್ಲೆ. ಕಡಿ, ಕಡ್ಡಿ. ಹಳಿ, ಹಳ್ಳಿ. ಇದೆ, ಇದ್ದೆ. ಕಂಡಕ್ಟರು ಡ್ಯೂಟಿ ಮುಗಿಸಿ ಬಂದು ಚೀಲ ಇಳಿಸುತ್ತಲೇ, “ಕೊಳೆ, ಕೊಳ್ಳೆ ಬರೆದುಕೊಂಡ್ರಾ? ಇವತ್ತು ಇಡೀ ಬಸ್ಸಲ್ಲಿ ಅದನ್ನೇ ಯೋಚನೆ ಮಾಡ್ಕೊಂಡು ಬಂದೆ,” ಅನ್ನುತ್ತಿದ್ದರು. ಇನ್ನೂರ ಹನ್ನೊಂದು ಜೋಡಿ ಆದವು.

ಬರೆದು ಕಳಿಸಿದರೆ ಔಷಧಿ ಅಂಗಡಿಯವನಿಗೆ ಕೇಳಿಸಬೇಕಲ್ಲ? ಅದಕ್ಕೆ ಕರಡಕ್ಕ ಪ್ರತಿ ಜೋಡಿಯನ್ನೂ ತಮ್ಮ ಬಾಯಲ್ಲೇ ಹೇಳಿ, ಫೋನಿನಲ್ಲಿ ಧ್ವನಿ ಹಿಡಿದು ಕಳಿಸಿದರು. ಒತ್ತಿನ ಮೇಲೆ ಅವರ ನಾಲಿಗೆ ಎಷ್ಟು ಹೊತ್ತು ತಡೆದು ನಿಲ್ಲುತ್ತದೆ ಎಂದು ಅವನು ಅಳೆದುಕೊಂಡ. ಒಂದು ಸಲ ಕೇಳಿದ: ನಲವತ್ತಮೂರನೇ ಜೋಡಿಯ ನಂತರ ಇನ್ನೊಂದು ದೊಡ್ಡ ಧ್ವನಿ ‘ಗ್ಯಾಸ್ ಆರಿಸಿದ್ಯಾ’ ಎನ್ನುತ್ತದೆ, ಅದೂ ಪಟ್ಟಿಗೆ ಸೇರುತ್ತದೆಯೇ? ಕರಡಕ್ಕ, ಅದು ನನ್ನ ಅತ್ತೆ, ಆದರೆ ‘ದ್ಯ’ ಚೆನ್ನಾಗಿ ಬಂದಿದೆ, ಬೇಕಾದರೆ ಇಟ್ಟುಕೊಳ್ಳಿ ಎಂದು ಬರೆದರು.

ರಜೆ ಮುಗಿಯಿತು. ಅವರು ಕೆಳಗೆ ಕೂತು ಫೋನ್ ನೋಡಿಕೊಂಡರು. ಪ್ರೆಸ್ಸು ಕರಡನ್ನು ಹೊರಗಡೆ ಯಾರಿಗೋ ಕೊಟ್ಟು ತಿದ್ದಿಸತೊಡಗಿತು. ನನ್ನೆದುರಿನ ಮೇಜು ಖಾಲಿ. ತಿದ್ದಿ ಬಂದ ಹಾಳೆಗಳಲ್ಲಿ ತಪ್ಪಿಗೆ ಸುತ್ತು ಹಾಕಿರುತ್ತಿತ್ತು, ಅಷ್ಟೆ, ಬೈಗುಳ ಇರುತ್ತಿರಲಿಲ್ಲ.

ಎರಡು ತಿಂಗಳಿಗೆ ಔಷಧಿ ಅಂಗಡಿಯವನಿಂದ ಮೊದಲ ಪ್ರಯತ್ನ ಬಂತು. ಅವನು ತಡೆಯುವ ಹೊತ್ತನ್ನು ಅತಿ ಮಾಡಿಬಿಟ್ಟಿದ್ದ. ಯಂತ್ರ, “ಅಜ್… ಜಿ. ಮಕ್… ಕಳು,” ಎಂದು ಪ್ರತಿ ಒತ್ತಿಗೂ ಮುಗ್ಗರಿಸುತ್ತಿತ್ತು. ಅತ್ತೆ ಕಳವಳದಿಂದ, “ಇದಕ್ಕೆ ಬಿಕ್ಕಳಿಕೆ ಹತ್ತಿದೆ ಕಣೇ,” ಎಂದರು. ಎರಡನೆಯದು ಬಂದಾಗ ಕ್ಕ, ಗ್ಗ ಸರಿಹೋಗಿ ಲ್ಲ, ನ್ನ ಹಾಗೇ ಉಳಿದಿತ್ತು. ಮೂರನೆಯದರಲ್ಲಿ ಒತ್ತು ಸರಿಯಾಗಿ, ಅದುವರೆಗೆ ಸರಿ ಇದ್ದ ದೀರ್ಘ ಕೆಟ್ಟಿತು. ಪ್ರತಿ ಸಲವೂ ಕರಡಕ್ಕ ಸಾಲು ಸಾಲಾಗಿ ಕೇಳಿ, ತಪ್ಪು ಪಟ್ಟಿ ಮಾಡಿ ಕಳಿಸಿದರು. ಅವರ ಧಾಟಿ ನನಗೆ ಗೊತ್ತಲ್ಲ. ಆ ಬಡಪಾಯಿಗೂ, “ನಿಮಗೆ ದೀರ್ಘ ಕಂಡರೆ ಅದೇನು ಹಗೆ?” ಎಂದು ಬರೆದಿದ್ದರು. ಅವನು ತಿರುಗಿ, ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ, ಏನೇ ಹೇಳಿದರೂ ಬೇಗ ಮುಗಿಸುತ್ತೀಯ ಅನ್ನುತ್ತಾಳೆ ಎಂದು ಬರೆದ.

ಐದನೇ ತಿಂಗಳು ನಾಲ್ಕನೆಯದು ಬಂತು. ನಾನು ಕಂಪ್ಯೂಟರಿಗೆ ಹಾಕಿದೆ. ಕರಡಕ್ಕ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತರು, ಆದರೆ ಒತ್ತಲಿಲ್ಲ. “ನೀನೇ ಏನಾದರೂ ಬರಿ,” ಎಂದರು. ನಾನು ಬರೆದೆ. ಯಂತ್ರ ಓದಿತು: “ಅಜ್ಜಿಯ ಕತ್ತೆ ಕೇಳಿ ಮಕ್ಕಳು ನಕ್ಕರು.”

ಅವರು ನಕ್ಕ ನಗುವಿಗೆ ಅಡುಗೆಮನೆಯಿಂದ ಅತ್ತೆ ಬಂದರು. ಆಮೇಲೆ ಅತ್ತೆಗೋಸ್ಕರ ಇನ್ನೊಮ್ಮೆ, ಕಂಡಕ್ಟರು ಬಂದ ಮೇಲೆ ಮತ್ತೊಮ್ಮೆ ಓದಿಸಿದೆವು. ತಗಡಿನ ಗಂಟಲು ಹಾಗೇ ಇತ್ತು. ಆದರೆ ಕತ್ತೆ ಕತ್ತೆಯಾಗಿತ್ತು.

ಮರುದಿನ ನಾನು ಯಜಮಾನರ ಹತ್ತಿರ ಹೋಗಿ, ಒಂದು ಪರೀಕ್ಷೆ ಮಾಡಿ ನೋಡಿ ಎಂದೆ. ಆರು ಪುಟದಲ್ಲಿ ಬೇಕೆಂತಲೇ ನಲವತ್ತು ತಪ್ಪು ಹುದುಗಿಸಿ, ಪಟ್ಟಿಯನ್ನು ಯಜಮಾನರ ಕೈಯಲ್ಲಿ ಕೊಟ್ಟೆ. ಕರಡಕ್ಕ ತಮ್ಮ ಹಳೆ ಮೇಜಿಗೆ ಬಂದು, ಹೆಡ್‌ಫೋನ್ ಹಾಕಿಕೊಂಡು ಕೂತರು. ಒಂದೂವರೆ ಗಂಟೆ ಹಿಡಿಯಿತು. ಹಿಂದೆ ಅದೇ ಕೆಲಸಕ್ಕೆ ನಲವತ್ತು ನಿಮಿಷ ಸಾಕಾಗುತ್ತಿತ್ತು. ಯಜಮಾನರು ಪಟ್ಟಿ ಹಿಡಿದು ಒಂದೊಂದಾಗಿ ಗೆರೆ ಎಳೆದರು. ಮೂವತ್ತೇಳು ಸಿಕ್ಕಿದ್ದವು, ಮೂರು ತಪ್ಪಿಸಿಕೊಂಡಿದ್ದವು. ಮೂರರಲ್ಲಿ ಎರಡು ಶ, ಷ ಅದಲುಬದಲಾದದ್ದು. ಕಿವಿಗೆ ಅದು ಸಿಕ್ಕುವುದು ಕಷ್ಟ.

“ಇನ್ನೂ ಎರಡು ಇದೆಯಲ್ಲಮ್ಮಾ ಇಲ್ಲಿ, ಪಟ್ಟಿಯಲ್ಲಿ ಇಲ್ಲದ್ದು?” ಎಂದರು ಯಜಮಾನರು.

ಕರಡಕ್ಕ ನನ್ನ ಕಡೆ ಮುಖ ತಿರುಗಿಸಿದರು. “ಅದು ಇವನು ಬೇಕಂತ ಮಾಡಿದ್ದಲ್ಲ ಸಾರ್. ಸ್ವಂತ ಪ್ರತಿಭೆ.”

ಯಜಮಾನರಿಗೂ ನಗು ತಡೆಯಲಾಗಲಿಲ್ಲ. ನೇರವಾಗಿ ಏನೂ ಹೇಳಲಿಲ್ಲ. ಸಂಜೆ ಹೋಗುವಾಗ, ನಾಳೆಯಿಂದ ಫೋನಿಗೆ ಬೇರೆ ಯಾರನ್ನಾದರೂ ನೋಡಬೇಕು ಎಂದು ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ ಅಂದು ಮೆಟ್ಟಿಲಿಳಿದರು.

ಎಲ್ಲವೂ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿತ್ರ, ಪುಟಸಂಖ್ಯೆ, ಶೀರ್ಷಿಕೆಯ ಅಳತೆ, ಶ ಷ ಇವನ್ನೆಲ್ಲ ಈಗ ನಾನು ನೋಡುತ್ತೇನೆ. ಯೂನಿಕೋಡಿಗಿಂತ ಮುಂಚಿನ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪುಸ್ತಕ ಬಂದರೆ ಅವರ ಯಂತ್ರಕ್ಕೆ ಓದಲು ಬರುವುದಿಲ್ಲ, ಅದನ್ನು ಹೊರಗೆ ಕೊಡುತ್ತೇವೆ. ಅವರ ಕಣ್ಣಿಗೆ ಈಗ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದಷ್ಟೇ ತಿಳಿಯುವುದು. ಬೆಳಿಗ್ಗೆ ಕಂಡಕ್ಟರು ತಮ್ಮ ಬಸ್ಸಿನಲ್ಲೇ ಕರೆತಂದು ಪ್ರೆಸ್ಸಿನ ಮುಂದೆ ಇಳಿಸುತ್ತಾರೆ. ಸಂಜೆ ಆ ಬಸ್ಸಿನ ಹೊತ್ತು ಹೊಂದದ ದಿನ ನಾನು ಮನೆಯವರೆಗೆ ಜೊತೆಗೆ ಹೋಗುತ್ತೇನೆ.

ಆ ಹೊಸ ಧ್ವನಿ ಈಗ ಎಲ್ಲರಿಗೂ ಸಿಗುತ್ತದೆ. ಆಸ್ಪತ್ರೆಯ ಆಪರೇಟರ್ ಫೋನ್ ಮಾಡಿ, “ಏನ್ರೀ ಇದು, ಇದ್ದಕ್ಕಿದ್ದ ಹಾಗೆ ಇದಕ್ಕೆ ಮಾತು ಬಂದುಬಿಟ್ಟಿದೆ!” ಎಂದು ಕೂಗಿದರು. ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು, ಕಣ್ಣು ಕಳೆದುಕೊಂಡ ನಿವೃತ್ತ ಮೇಷ್ಟ್ರೊಬ್ಬರು ಔಷಧಿ ಅಂಗಡಿಯವನಿಗೆ ಬರೆದು ಧನ್ಯವಾದ ಹೇಳಿದರಂತೆ. ಅವನು ಆ ಕಾಗದಗಳನ್ನು ಹಾಗೇ ಕರಡಕ್ಕನಿಗೆ ಕಳಿಸಿದ. ಮೇಷ್ಟ್ರ ಕಾಗದದಲ್ಲಿ ಎರಡು ಕಾಗುಣಿತದ ತಪ್ಪಿದ್ದವಂತೆ. ಅದನ್ನು ಅವರು ಮೇಷ್ಟ್ರಿಗೆ ತಿಳಿಸಲಿಲ್ಲ, ನನಗೆ ಮಾತ್ರ ಹೇಳಿದರು.

ಈಗ ಕರಡಕ್ಕನೂ ಔಷಧಿ ಅಂಗಡಿಯವನೂ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಯಂತ್ರ, “ಊಟ ಆಯ್ತಾ,” ಎನ್ನುವುದನ್ನು ಹೇಳಿಕೆಯ ಹಾಗೆ ಸಪ್ಪಗೆ ಓದುತ್ತದೆ, ಕೊನೆಯಲ್ಲಿ ಧ್ವನಿ ಏರುವುದಿಲ್ಲ. ಕರಡಕ್ಕ ಅದಕ್ಕಾಗಿ ಮನೆಮಂದಿಯ ಬಾಯಿಂದೆಲ್ಲ ಪ್ರಶ್ನೆ ಕೇಳಿಸಿ ಧ್ವನಿ ಹಿಡಿದಿದ್ದಾರೆ. ಅಷ್ಟರಲ್ಲಿ ಔಷಧಿ ಅಂಗಡಿಯವನ ಮನೆಯಲ್ಲಿ ಮಗು ಹುಟ್ಟಿತು. ನಾಲ್ಕು ತಿಂಗಳಾಯಿತು, ಅವನಿಂದ ಏನೂ ಬಂದಿಲ್ಲ. ಕೇಳಿ ಒಂದು ಸಾಲು ಬರೆಯಲೇ ಅಕ್ಕಾ ಎಂದು ಮೊನ್ನೆ ನಾನು ಕೇಳಿದೆ.

“ಬೇಡ ಬಿಡು,” ಎಂದರು. “ಮಗು ಸಣ್ಣದು. ನಿದ್ದೆಗೆಟ್ಟಿರ್ತಾನೆ. ಅವನಾಗಿ ಬರೀಲಿ.”

ಹೆಡ್‌ಫೋನ್ ಸರಿಮಾಡಿಕೊಂಡು, ನಾನು ಬೆಳಿಗ್ಗೆ ಕೊಟ್ಟ ಕರಡಿನ ಎರಡನೇ ಪುಟಕ್ಕೆ ಹೋದರು.